ವೇತನ ಒಪ್ಪಂದದಲ್ಲಿ ಕಡಿಮೆ ಸಂಬಳದವರಿಗೆ ಸಿಗುವುದೇನು? ಯೂನಿಯನ್ ನಿಜಕ್ಕೂ ಯಾರ ಪರ?

ಪ್ಯಾಕಿಂಗ್ ಸೆಕ್ಷನ್:
ನಮ್ಮಲ್ಲಿ ಹೊಸ ವೇತನ ಒಪ್ಪಂದದ ಕರಡು ಬಂದಿದೆ. ಸದ್ಯದಲ್ಲೇ ಜನರಲ್ ಬಾಡಿ ಇದೆ, ಅಲ್ಲಿ ಒಪ್ಪಿಗೆ ಕೊಡಬೇಕಂತೆ. ಶೇ. 10 ಏರಿಕೆ. ನೋಟಿಸ್ ಬೋರ್ಡಿನಲ್ಲಿ ಐತಿಹಾಸಿಕ ಒಪ್ಪಂದ ಅಂತ ದೊಡ್ಡದಾಗಿ ಹಾಕಿದ್ದಾರೆ.

ನಾನು ಕೆಳಗಿನ ಗ್ರೇಡಿನವನು. ಮೇಲಿನ ಗ್ರೇಡಿನ ಆಪರೇಟರಿಗೆ ನನ್ನ ಮೂರು ಪಟ್ಟು ಸಂಬಳ. ಹಾಗಾಗಿ ಅದೇ ಶೇ. 10ರಲ್ಲಿ ಅವರಿಗೆ ನನ್ನ ಮೂರು ಪಟ್ಟು ಹೆಚ್ಚಳ. ಕ್ಲೀನಿಂಗ್, ಲೋಡಿಂಗ್ ಮಾಡುವ ಗುತ್ತಿಗೆಯವರ ಸುದ್ದಿಯೇ ಕರಡಿನಲ್ಲಿಲ್ಲ. ಚಂದಾ ಮಾತ್ರ ನಾನೂ ಆಪರೇಟರೂ ಒಂದೇ ಕಟ್ಟುತ್ತೇವೆ.

ಎರಡು ಪ್ರಶ್ನೆ. ಎಲ್ಲ ಕಡೆ ಹೀಗೇನಾ? ನಾನು ಇದರ ವಿರುದ್ಧ ಕೈ ಎತ್ತಿದರೆ ಮ್ಯಾನೇಜ್‌ಮೆಂಟಿಗೆ ಸಹಾಯ ಮಾಡಿದ ಹಾಗಾಗುತ್ತದಾ?

ಸುಮ್ನೆ ಓದುಗ:
ಎಲ್ಲ ಕಡೆ ಹೀಗೇ. ಮುಂದಿನ ಪ್ರಶ್ನೆ ಕೇಳಿ.

ಲೆಕ್ಕದ ಮೇಷ್ಟ್ರು:
ಬೈಯುವ ಮೊದಲು ಒಂದು ಲೆಕ್ಕ ನೋಡಿ. ಐದು ಜನಕ್ಕೆ ತಲಾ 100, ಇನ್ನೈದು ಜನಕ್ಕೆ ತಲಾ 300 ಸಂಬಳ ಅಂದುಕೊಳ್ಳಿ. ಒಟ್ಟು 2000. ಶೇ. 10 ಅಂದರೆ ಕಂಪನಿ ಬಿಚ್ಚುವ ದುಡ್ಡು 200. ಕೆಳಗಿನವರಿಗೆ 10, ಮೇಲಿನವರಿಗೆ 30. ಮೊದಲು 200 ಇದ್ದ ಅಂತರ ಈಗ 220 ಆಯಿತು. ಇಂಥದ್ದೇ ಮೂರು ಒಪ್ಪಂದ ಆದರೆ ಅಂತರ 266.

ಅದೇ 200 ಅನ್ನು ಎಲ್ಲರಿಗೂ ಸಮನಾಗಿ ಹಂಚಿದರೆ ತಲಾ 20. ಕೆಳಗಿನವರಿಗೆ ಶೇ. 20 ಏರಿಕೆ, ಮೇಲಿನವರಿಗೆ ಸುಮಾರು ಶೇ. 6.7. ಕಂಪನಿಗೆ ಒಂದು ಪೈಸೆಯೂ ಜಾಸ್ತಿ ಖರ್ಚಿಲ್ಲ.

ಅಂದರೆ ದುಡ್ಡು ಎಷ್ಟು ಅನ್ನುವುದು ಕಂಪನಿ ಜೊತೆಗಿನ ಜಗಳ. ಹೇಗೆ ಹಂಚಬೇಕು ಅನ್ನುವುದು ಬಹುಪಾಲು ಯೂನಿಯನ್ ಒಳಗಿನ ಜಗಳ. ನಿಮ್ಮ ಸಿಟ್ಟು ಎರಡನೆಯದರ ಮೇಲೆ, ಅಲ್ವಾ?

ಪ್ಯಾಕಿಂಗ್ ಸೆಕ್ಷನ್:
ಹೌದು ಮೇಷ್ಟ್ರೇ, ಅದೇ. ಆ ಎರಡನೇ ಜಗಳ ನಮ್ಮಲ್ಲಿ ನಡೆದದ್ದೇ ಯಾರಿಗೂ ಗೊತ್ತಿಲ್ಲ. ಬೇಡಿಕೆ ಪಟ್ಟಿ ಮಾಡುವಾಗ ನಮ್ಮ ಸೆಕ್ಷನ್‌ನಿಂದ ಯಾರನ್ನೂ ಕರೆದಿರಲಿಲ್ಲ.

ಹಳೇ ಕಾರ್ಯದರ್ಶಿ:
ನಾನು ಯೂನಿಯನ್ ಪದಾಧಿಕಾರಿಯಾಗಿ ಮಾತುಕತೆಯ ಟೇಬಲ್ಲಿನಲ್ಲಿ ಕೂತವನು. ಮೇಷ್ಟ್ರ ಲೆಕ್ಕ ಸರಿ. ಆದರೆ ಆ ಲೆಕ್ಕದಲ್ಲಿ ಮನುಷ್ಯರಿಲ್ಲ.

ಮುಷ್ಕರ ಮಾಡಿದರೆ ಕಂಪನಿಗೆ ಪೆಟ್ಟು ಬೀಳುವುದು ಯಾರು ಹೊರಗೆ ಬಂದಾಗ? ಮೆಷಿನ್ ನಡೆಸುವವರು ಬಂದಾಗ. ಪ್ಯಾಕಿಂಗ್‌ಗೆ ನಾಳೆಯೇ ಬೇರೆಯವರನ್ನು ತಂದು ನಿಲ್ಲಿಸುತ್ತಾರೆ. ನುರಿತ ಆಪರೇಟರನ್ನು ಹಾಗೆ ತರುವುದಕ್ಕೆ ಆಗುವುದಿಲ್ಲ. ಅವರಿಗೆ ಶೇ. 6.7 ಕೊಟ್ಟು, ಬೆಲೆ ಏರಿಕೆ ಶೇ. 7 ಇದ್ದರೆ, ಅವರ ನಿಜವಾದ ಸಂಬಳ ಇಳಿದ ಹಾಗೆ. ಮರುದಿನವೇ ಅವರು ಬೇರೆ ಯೂನಿಯನ್ ಕಟ್ಟುತ್ತಾರೆ. ಆಮೇಲೆ ಪ್ಯಾಕಿಂಗ್‌ನವರ ಪರವಾಗಿ ಟೇಬಲ್ಲಿಗೆ ಯಾರು ಹೋಗುವುದು, ಖಾಲಿ ಕೈಯಲ್ಲಿ?

ಶೇಕಡಾ ಏರಿಕೆ ಯಾರಿಗೂ ಖುಷಿ ಕೊಡುವುದಿಲ್ಲ. ಆದರೆ ಯಾರೂ ಬಿಟ್ಟು ಹೋಗುವುದಿಲ್ಲ. ಅದಕ್ಕೇ ಎಲ್ಲ ನಾಯಕರೂ ಅದನ್ನೇ ಹಿಡಿದುಕೊಳ್ಳುತ್ತಾರೆ.

ರಾತ್ರಿ ಪಾಳಿ:
ಯಾರೂ ಬಿಟ್ಟು ಹೋಗುವುದಿಲ್ಲವಾ? ನಾವು ಗುತ್ತಿಗೆಯವರು ಒಳಗೇ ಬಂದಿಲ್ಲವಲ್ಲ ಸರ್. ನಮ್ಮಿಂದ ಚಂದಾ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಮತವೂ ಇಲ್ಲ.

ನಾನು ಇದ್ದ ಕಡೆ ಒಮ್ಮೆ ಸ್ಟ್ರೈಕ್ ಆಯಿತು. ಗೇಟ್ ಮೀಟಿಂಗಿನಲ್ಲಿ ನಮ್ಮನ್ನೂ ಕರೆದು, ನೀವೂ ಒಳಗೆ ಹೋಗಬೇಡಿ, ಒಗ್ಗಟ್ಟು ತೋರಿಸಿ ಅಂದರು. ನಾವು ಹೋಗಲಿಲ್ಲ. ಒಪ್ಪಂದ ಆದಾಗ ಕಾಯಂನವರ ಮುಷ್ಕರದ ದಿನಗಳನ್ನು ರಜೆಗೆ ಹೊಂದಿಸಿದರು. ನಮ್ಮ ದಿನಗೂಲಿ ಹೋಯಿತು, ಅಷ್ಟೇ. ಕೆಲವರನ್ನು ಗುತ್ತಿಗೆದಾರ ಮತ್ತೆ ಕರೆಯಲೂ ಇಲ್ಲ. ಯೂನಿಯನ್‌ನವರನ್ನು ಕೇಳಿದರೆ, ಅದು ಗುತ್ತಿಗೆದಾರನಿಗೂ ನಿಮಗೂ ಬಿಟ್ಟದ್ದು ಅಂದರು.

ಸುಮ್ನೆ ಓದುಗ:
ಒಗ್ಗಟ್ಟಿಗೆ ನೀವು, ಅರಿಯರ್ಸಿಗೆ ಅವರು.

ಮಾರುಕಟ್ಟೆ ಮಾತು:
ಇದಕ್ಕೇ ನಾನು ಹೇಳುವುದು, ಯೂನಿಯನ್ನೇ ಬೇಡ ಅಂತ. ಸಂಬಳ ಏರಿಸುವುದು ಕಾರ್ಮಿಕರಿಗೆ ಇರುವ ಬೇಡಿಕೆ ಮತ್ತು ಕಂಪನಿಯ ಲಾಭ. 1914ರಲ್ಲಿ ಹೆನ್ರಿ ಫೋರ್ಡ್ ದಿನಗೂಲಿಯನ್ನು ಒಂದೇ ಸಲ 5 ಡಾಲರ್ ಮಾಡಿದ. ಮೊದಲಿದ್ದುದರ ಎರಡು ಪಟ್ಟು. ಅಲ್ಲಿ ಯಾವ ಯೂನಿಯನ್ ಇತ್ತು?

ಇತಿಹಾಸದ ಹುಚ್ಚು:
ಬಂದೇ ಬಂತು ಫೋರ್ಡ್ ಕಥೆ. ಪೂರ್ತಿ ಹೇಳಿ ಸ್ವಾಮಿ. 1913ರಲ್ಲಿ ಅವನ ಕಾರ್ಖಾನೆಯಲ್ಲಿ ಕೆಲಸಗಾರರು ಬಿಟ್ಟುಹೋಗುವ ಪ್ರಮಾಣ ವರ್ಷಕ್ಕೆ ಶೇ. 370. ಅಂದರೆ ಒಂದು ಜಾಗ ತುಂಬಿಟ್ಟುಕೊಳ್ಳಲು ವರ್ಷಕ್ಕೆ ನಾಲ್ಕು ಜನರನ್ನು ಹತ್ತಿರ ಹತ್ತಿರ ಹುಡುಕಬೇಕಿತ್ತು. ಅಸೆಂಬ್ಲಿ ಲೈನಿನ ಕೆಲಸ ಅಷ್ಟು ಬೇಸರ. ಅದನ್ನು ತಡೆಯಲು ಕೊಟ್ಟ ದುಡ್ಡು ಅದು.

ಆ 5 ಡಾಲರಿನಲ್ಲಿ ಅರ್ಧದಷ್ಟು ಲಾಭಾಂಶದ ಬೋನಸ್. ಅದು ಸಿಗಬೇಕಾದರೆ ಕಂಪನಿಯ ಜನ ಮನೆಗೆ ಬಂದು ನೀವು ಕುಡಿಯುತ್ತೀರಾ, ಮನೆ ಚೊಕ್ಕಟವಾಗಿದೆಯಾ, ದುಡ್ಡು ಉಳಿಸುತ್ತೀರಾ ಅಂತ ನೋಡಿ ಸರ್ಟಿಫಿಕೇಟ್ ಕೊಡಬೇಕಿತ್ತು. ಮೊದಲಿಗೆ ಹೆಂಗಸರನ್ನು ಸೇರಿಸಿಯೇ ಇರಲಿಲ್ಲ. ಮಾಲೀಕ ಮನಸ್ಸು ಮಾಡಿ ಕೊಟ್ಟದ್ದನ್ನು ಮಾಲೀಕ ಮನಸ್ಸು ಬದಲಿಸಿ ಕಿತ್ತುಕೊಳ್ಳಬಹುದು. ಅಲ್ಲಿ ಯೂನಿಯನ್ ಜೊತೆ ಒಪ್ಪಂದ ಆದದ್ದು 1941ರಲ್ಲಿ, ಅದೂ ಮುಷ್ಕರ ಆದ ಮೇಲೆ.

ಮಾರುಕಟ್ಟೆ ಮಾತು:
ಕೆಲಸಗಾರರು ಬಿಟ್ಟು ಹೋಗುತ್ತಾರೆ ಅನ್ನುವ ಭಯಕ್ಕೆ ಸಂಬಳ ಏರಿತು ಅಂತ ನೀವೇ ಹೇಳಿದಿರಿ. ಅದನ್ನೇ ನಾನು ಮಾರುಕಟ್ಟೆ ಅನ್ನುವುದು. ಧನ್ಯವಾದ.

ಇತಿಹಾಸದ ಹುಚ್ಚು:
ಬಿಟ್ಟು ಹೋಗಲು ಬೇರೆ ಕೆಲಸ ಇರುವವನಿಗೆ ಆ ಭಯ ಹುಟ್ಟಿಸಲು ಆಗುತ್ತದೆ. ರಾತ್ರಿ ಪಾಳಿಯವರ ಗುತ್ತಿಗೆದಾರನಿಗೆ ಆ ಭಯ ಇತ್ತಾ?

ಕಾನೂನು ಕಟ್ಟೆ:
ಫೋರ್ಡ್ ಬಿಡಿ, ಮೂಲ ಪ್ರಶ್ನೆಗೆ ಬರೋಣ. ಕಡಿಮೆ ಸಂಬಳದವರ ಹಕ್ಕನ್ನು ಯೂನಿಯನ್ನೇ ಒಪ್ಪಂದದಲ್ಲಿ ಬಿಟ್ಟುಕೊಟ್ಟಿತು ಅನ್ನುವ ದೂರು ಕೋರ್ಟಿನ ತನಕ ಹೋದ ಉದಾಹರಣೆಗಳಿವೆ. ಎರಡು ಹೇಳುತ್ತೇನೆ.

ಮೊದಲನೆಯದು ಬ್ರಿಟನ್ನಿನದು. ಮಿಡಲ್ಸ್‌ಬರೋ ನಗರಸಭೆಯಲ್ಲಿ ಹೆಂಗಸರು ಮಾಡುವ ಕೆಲಸಗಳಿಗೆ ವರ್ಷಗಟ್ಟಲೆ ಕಡಿಮೆ ಸಂಬಳ ಕೊಟ್ಟಿದ್ದರು. ಸಮಾನ ವೇತನ ಕಾನೂನಿನ ಪ್ರಕಾರ ಅವರಿಗೆ ಹಳೇ ಬಾಕಿ ಬರಬೇಕಿತ್ತು. ನಗರಸಭೆ ಹತ್ತಿರ ದುಡ್ಡು ಕಡಿಮೆ. ಜಿಎಂಬಿ ಯೂನಿಯನ್ ಏನು ಮಾಡಿತು? ಬಾಕಿಯನ್ನು ಕಡಿಮೆ ಮೊತ್ತಕ್ಕೆ ಇತ್ಯರ್ಥ ಮಾಡಿಕೊಂಡು, ಉಳಿದ ದುಡ್ಡನ್ನು ಮುಂದಿನ ಸಂಬಳಕ್ಕೆ ಮತ್ತು ಹೊಸ ಗ್ರೇಡಿನಲ್ಲಿ ಸಂಬಳ ಇಳಿಯಬಹುದಾದವರ ರಕ್ಷಣೆಗೆ ಒತ್ತು ಕೊಟ್ಟು ಹಂಚಿತು. ಹೆಂಗಸರು ತಮ್ಮದೇ ಯೂನಿಯನ್ ಮೇಲೆ ಕೇಸ್ ಹಾಕಿದರು. 2008ರಲ್ಲಿ ಅಪೀಲು ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಎಲ್ಲರ ಹಿತ ಹೊಂದಿಸುವ ಉದ್ದೇಶ ತಪ್ಪಲ್ಲ, ಆದರೆ ಸದಸ್ಯರಿಗೆ ಪೂರ್ತಿ ವಿಷಯ ತಿಳಿಸದೆ ಒಪ್ಪಿಸಿದ ದಾರಿ ಸರಿಯಲ್ಲ ಅನ್ನುವುದು ತೀರ್ಪಿನ ಸಾರ.

ಎರಡನೆಯದು ಆಸ್ಟ್ರೇಲಿಯಾದ್ದು. ಕೋಲ್ಸ್ ಸೂಪರ್‌ಮಾರ್ಕೆಟ್ ಮತ್ತು ಅಂಗಡಿ ನೌಕರರ ಯೂನಿಯನ್ ಎಸ್‌ಡಿಎ ಒಪ್ಪಂದ ಮಾಡಿಕೊಂಡವು. ಮೂಲ ಸಂಬಳ ಸ್ವಲ್ಪ ಜಾಸ್ತಿ, ಬದಲಿಗೆ ರಾತ್ರಿ ಮತ್ತು ವಾರಾಂತ್ಯದ ಹೆಚ್ಚುವರಿ ಕೂಲಿ ಕಡಿಮೆ. ಹಗಲು ಕೆಲಸ ಮಾಡುವ ಪೂರ್ಣಾವಧಿಯವರಿಗೆ ಲಾಭ. ರಾತ್ರಿ, ಶನಿವಾರ, ಭಾನುವಾರ ಮಾತ್ರ ಬರುವ ಅರೆಕಾಲಿಕರಿಗೆ ನಷ್ಟ. ಅರೆಕಾಲಿಕ ನೌಕರರೊಬ್ಬರು ಪ್ರಶ್ನಿಸಿದರು. 2016ರಲ್ಲಿ ಅಲ್ಲಿನ ಫೇರ್ ವರ್ಕ್ ಕಮಿಷನ್, ಈ ಒಪ್ಪಂದ ಎಲ್ಲ ನೌಕರರನ್ನೂ ಕಾನೂನಿನ ಕನಿಷ್ಠ ಮಟ್ಟಕ್ಕಿಂತ ಒಳ್ಳೆಯ ಸ್ಥಿತಿಯಲ್ಲಿ ಇಡುವುದಿಲ್ಲ ಅಂತ ಹೇಳಿತು.

ಹಳೇ ಕಾರ್ಯದರ್ಶಿ:
ಕಟ್ಟೆಯವರೇ, ಮೊದಲ ಕೇಸಿನಲ್ಲಿ ಯೂನಿಯನ್ ಪೂರ್ತಿ ಬಾಕಿ ಕೇಳಿ ಹಟ ಹಿಡಿದಿದ್ದರೆ ನಗರಸಭೆ ಜನರನ್ನು ಕೆಲಸದಿಂದ ತೆಗೆಯುತ್ತಿತ್ತು. ಆಗಲೂ ಯೂನಿಯನ್ನಿಗೇ ಬೈಗುಳ. ಇದ್ದ ದುಡ್ಡನ್ನು ಯಾರಿಗಾದರೂ ಕಡಿಮೆ ಮಾಡದೆ ಹಂಚುವುದು ಹೇಗೆ?

ಕಾನೂನು ಕಟ್ಟೆ:
ಹಂಚಿಕೆ ಕಷ್ಟ, ಒಪ್ಪುತ್ತೇನೆ. ಆದರೆ ಕಡಿಮೆ ಮಾಡಿದ್ದು ಯಾರಿಗೆ ಅಂತ ನೋಡಿ. ಮೊದಲೇ ಕಡಿಮೆ ಸಂಬಳದಲ್ಲಿ ಇದ್ದವರಿಗೆ. ಇಷ್ಟು ಬಾಕಿ ಬರಬೇಕು, ಇಷ್ಟು ಬಿಟ್ಟುಕೊಡುತ್ತಿದ್ದೀರಿ, ಕಾರಣ ಇದು ಅಂತ ಅವರ ಮುಂದೆ ಲೆಕ್ಕ ಇಟ್ಟಿದ್ದರೆ ಕೇಸ್ ನಿಲ್ಲುತ್ತಿತ್ತೋ ಇಲ್ಲವೋ. ಇಡಲಿಲ್ಲ. ಪ್ಯಾಕಿಂಗ್‌ನವರ ಕರಡಿನಲ್ಲೂ ಅದೇ ಕೊರತೆ ಕಾಣುತ್ತಿದೆ.

ಅಕ್ಕ ಹೇಳಿದ್ದು:
ಒಂದು ಬದಿ ಮಾತ್ರ ಹೇಳಬೇಡಿ. ಅದೇ ಜಿಎಂಬಿ, ಯುನಿಸನ್ ಅನ್ನುವ ಇನ್ನೊಂದು ಯೂನಿಯನ್ ಜೊತೆ ಸೇರಿ, 2018ರ ಅಕ್ಟೋಬರಿನಲ್ಲಿ ಗ್ಲಾಸ್ಗೋ ನಗರಸಭೆಯಲ್ಲಿ 8000ಕ್ಕೂ ಹೆಚ್ಚು ಹೆಂಗಸರನ್ನು ಎರಡು ದಿನದ ಮುಷ್ಕರಕ್ಕೆ ಇಳಿಸಿತು. ಮನೆ ಮನೆಗೆ ಹೋಗಿ ವೃದ್ಧರನ್ನು ನೋಡಿಕೊಳ್ಳುವವರು, ಕ್ಲೀನರ್‌ಗಳು, ಶಾಲೆಯ ಅಡುಗೆಯವರು. ಬೇಡಿಕೆ ಸಮಾನ ವೇತನ. ಕಸದ ಲಾರಿಯ ಗಂಡಸರು ಇವರು ಗೇಟಿನಲ್ಲಿ ನಿಂತ ಪಿಕೆಟ್ ಸಾಲು ದಾಟಿ ಕೆಲಸಕ್ಕೆ ಹೋಗಲಿಲ್ಲ. ಮರುವರ್ಷ ನಗರಸಭೆ ಇತ್ಯರ್ಥಕ್ಕೆ ಒಪ್ಪಿತು.

ಹತ್ತು ವರ್ಷದಲ್ಲಿ ಏನು ಬದಲಾಯಿತು? ಕೇಸಿನ ಭಯ ಇತ್ತು ಅನ್ನಿ, ಇರಲಿ. ಅದಕ್ಕಿಂತ ಮುಖ್ಯ, ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಒಳಗೆ ಇದ್ದರು, ಗಲಾಟೆ ಮಾಡಿದರು. ಯೂನಿಯನ್ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಪ್ರಶ್ನೆಯೇ ನನಗೆ ಬೇಸರ. ಅದರೊಳಗೆ ಯಾರ ದನಿ ಜೋರು ಅಂತ ಕೇಳಿ.

ಲೆಕ್ಕದ ಮೇಷ್ಟ್ರು:
1968ರ ಡಾಗೆನ್‌ಹ್ಯಾಮ್ ಮುಷ್ಕರವೂ ಹೀಗೇ ಅಲ್ವಾ? ಫೋರ್ಡ್ ಕಾರಿನ ಸೀಟು ಹೊಲಿಯುವ ಹೆಂಗಸರು ನಿಂತರು, ಗೆದ್ದರು, 1970ರಲ್ಲಿ ಸಮಾನ ವೇತನ ಕಾನೂನು ಬಂತು.

ಅಕ್ಕ ಹೇಳಿದ್ದು:
ಅರ್ಧ ಗೆದ್ದರು ಮೇಷ್ಟ್ರೇ. ಅವರ ಮುಖ್ಯ ದೂರು ಗ್ರೇಡಿನದು. ನುರಿತ ಕೆಲಸವನ್ನು ಕೆಳಗಿನ ಗ್ರೇಡಿಗೆ ಹಾಕಿದ್ದಾರೆ ಅಂತ. 1968ರಲ್ಲಿ ಸಿಕ್ಕಿದ್ದು ಗಂಡಸರ ಸಂಬಳದ ಶೇ. 92, ಅದೂ ಅದೇ ಕೆಳಗಿನ ಗ್ರೇಡಿನಲ್ಲಿ. ಗ್ರೇಡ್ ಸರಿಹೋಗಲು 1984ರಲ್ಲಿ ಮತ್ತೆ ಮುಷ್ಕರ ಮಾಡಬೇಕಾಯಿತು. ಕಾನೂನು 1970ರಲ್ಲಿ ಪಾಸಾದರೂ ಜಾರಿಯಾದದ್ದು 1975ರ ಕೊನೆಗೆ.

ಐಟಿ ಕೂಲಿ:
ನಮ್ಮ ಕಡೆ ಯೂನಿಯನ್ ಅಂದರೆ ಎಚ್‌ಆರ್ ಮುಖ ಬಿಳಿಚಿಕೊಳ್ಳುತ್ತದೆ. ಕೋಡ್ ಬರೆಯುವವರಿಗೆ ಸಂಬಳ ಜಾಸ್ತಿ, ನಮಗೆ ಬೇಡ ಅನ್ನುತ್ತಾರೆ. ಆದರೆ ಅದೇ ಕಟ್ಟಡದ ಸೆಕ್ಯುರಿಟಿ, ಹೌಸ್‌ಕೀಪಿಂಗ್‌ನವರಿಗೆ ಬೇಕೇ ಬೇಕು. ಅವರು ಯಾರ ಹತ್ತಿರ ಮಾತುಕತೆ ಮಾಡಬೇಕು? ಸಂಬಳ ಕೊಡುವವನು ಏಜೆನ್ಸಿಯವನು. ಅವನು ಹೇಳುವುದು, ಕಂಪನಿ ನನಗೆ ಕೊಡುವ ರೇಟೇ ಇಷ್ಟು.

ಇತಿಹಾಸದ ಹುಚ್ಚು:
ಐಟಿ ಕೂಲಿಯವರೇ, ಇದೇ ಪ್ರಶ್ನೆಗೆ ಅಮೆರಿಕದ ಕ್ಲೀನರ್‌ಗಳು ಒಂದು ದಾರಿ ಹುಡುಕಿದ್ದರು. ಜಸ್ಟಿಸ್ ಫಾರ್ ಜಾನಿಟರ್ಸ್ ಅಂತ ಆಂದೋಲನ, ಎಸ್‌ಇಐಯು ಯೂನಿಯನ್ ನಡೆಸಿದ್ದು. ಲಾಸ್ ಏಂಜಲೀಸ್‌ನಲ್ಲಿ ಮೊದಲು ಕ್ಲೀನರ್‌ಗಳಿಗೆ ಗಟ್ಟಿ ಯೂನಿಯನ್ ಇತ್ತು. 1980ರ ದಶಕದಲ್ಲಿ ಕಟ್ಟಡದವರು ಯೂನಿಯನ್ ಇಲ್ಲದ ಗುತ್ತಿಗೆದಾರರ ಕಡೆ ಹೋದರು. ಸಂಬಳ ಕುಸಿಯಿತು.

ಗುತ್ತಿಗೆದಾರನ ಮೇಲೆ ಮಾತ್ರ ಒತ್ತಡ ಹಾಕಿದರೆ ಏನಾಗುತ್ತದೆ? ಅವನು ರೇಟು ಏರಿಸುತ್ತಾನೆ, ಕಟ್ಟಡದ ಮಾಲೀಕ ಅವನನ್ನು ಬಿಟ್ಟು ಅಗ್ಗದವನನ್ನು ಹಿಡಿಯುತ್ತಾನೆ, ಕ್ಲೀನರ್‌ಗಳ ಕೆಲಸವೂ ಹೋಗುತ್ತದೆ. ಹಾಗಾಗಿ ಅವರು ಕಟ್ಟಡದ ಮಾಲೀಕರನ್ನೇ ಗುರಿ ಮಾಡಿದರು, ಒಂದು ಕಟ್ಟಡ ಹಿಡಿಯದೆ ಇಡೀ ಪ್ರದೇಶವನ್ನು ಹಿಡಿದರು. 1990ರ ಜೂನಿನಲ್ಲಿ ಸೆಂಚುರಿ ಸಿಟಿಯಲ್ಲಿ ಮೆರವಣಿಗೆ ಮೇಲೆ ಪೊಲೀಸರು ಲಾಠಿ ಬೀಸಿದರು. ಅದು ಟಿವಿಯಲ್ಲಿ ಬಂತು. ಸ್ವಲ್ಪ ದಿನದಲ್ಲೇ ಗುತ್ತಿಗೆ ಕಂಪನಿ ಯೂನಿಯನ್ ಜೊತೆ ಸಹಿ ಹಾಕಿತು.

ಹಳೇ ಕಾರ್ಯದರ್ಶಿ:
ಹೇಳುವುದು ಸುಲಭ. ಅಷ್ಟು ಕಟ್ಟಡಗಳಲ್ಲಿ ಅಷ್ಟು ಜನರನ್ನು ಸೇರಿಸುವುದಕ್ಕೆ ದುಡ್ಡು, ಪೂರ್ಣಾವಧಿ ಸಂಘಟಕರು ಬೇಕು. ಆ ದುಡ್ಡು ಬರುವುದು ಜಾಸ್ತಿ ಸಂಬಳದ ಸದಸ್ಯರ ಚಂದಾದಿಂದ.

ರಾತ್ರಿ ಪಾಳಿ:
ಸರ್, ನಮ್ಮನ್ನು ಸದಸ್ಯರು ಮಾಡಿಕೊಂಡರೆ ನಾವೂ ಚಂದಾ ಕೊಡುತ್ತೇವೆ. ಸಂಬಳಕ್ಕೆ ತಕ್ಕ ಚಂದಾ ಇಡಿ. ಕೇಳಿಯೇ ಇಲ್ಲ ನೀವು.

ಚಂದಾ ಕಳ್ಳ:
ನಾನು ಚಂದಾನೇ ಕಟ್ಟಲ್ಲ, ಏರಿಕೆ ನನಗೂ ಬರುತ್ತೆ 😄

ಹಳೇ ಕಾರ್ಯದರ್ಶಿ:
ನಿಮ್ಮಂಥವರಿಂದಲೇ ಯೂನಿಯನ್ ಸೊರಗಿರುವುದು. ಬಿಟ್ಟಿ ಸವಾರಿ.

ಬಿಡುವಿನ ವೇಳೆ:
ಬಿಟ್ಟಿ ಸವಾರಿ ಎಲ್ಲ ಕಡೆ ಕೆಟ್ಟದ್ದು ಅಂತ ಹೇಳಲಾಗದು. ಫ್ರಾನ್ಸ್ ನೋಡಿ. ಯೂನಿಯನ್ ಸದಸ್ಯರು ಹತ್ತಿಪ್ಪತ್ತರಲ್ಲಿ ಒಬ್ಬಿಬ್ಬರು, ಸುಮಾರು ಶೇ. 10. ಆದರೆ ಒಪ್ಪಂದಗಳು ಅನ್ವಯವಾಗುವುದು ಶೇ. 90ಕ್ಕಿಂತ ಹೆಚ್ಚು ನೌಕರರಿಗೆ. ಒಂದು ಉದ್ಯಮದಲ್ಲಿ ಒಪ್ಪಂದ ಆದರೆ ಸರ್ಕಾರ ಅದನ್ನು ಆ ಉದ್ಯಮದ ಎಲ್ಲರಿಗೂ ವಿಸ್ತರಿಸುತ್ತದೆ. ಸದಸ್ಯರಲ್ಲದವರಿಗೂ, ಸಣ್ಣ ಕಂಪನಿಯವರಿಗೂ.

ಕಡಿಮೆ ಸಂಬಳದವರು ಹೆಚ್ಚಾಗಿ ಇರುವುದು ಯೂನಿಯನ್ ಇಲ್ಲದ ಸಣ್ಣ ಕಡೆಗಳಲ್ಲಿ. ಒಂದೊಂದೇ ಕಾರ್ಖಾನೆಯ ಮಾತುಕತೆ ಅವರನ್ನು ಮುಟ್ಟುವುದೇ ಇಲ್ಲ. ಇಡೀ ಉದ್ಯಮಕ್ಕೆ ಒಂದೇ ಮಾತುಕತೆ ಆದರೆ ಮುಟ್ಟುತ್ತದೆ.

ಮಾರುಕಟ್ಟೆ ಮಾತು:
ಲಾಭ ಇಲ್ಲದ ಸಣ್ಣ ಕಂಪನಿಯೂ ದೊಡ್ಡವರ ರೇಟು ಕೊಡಬೇಕಾ? ಮುಚ್ಚಿ ಹೋಗುತ್ತದೆ.

ಬಿಡುವಿನ ವೇಳೆ:
ಹೋಗುತ್ತದೆ, ಕೆಲವು. ಸ್ವೀಡನ್‌ನಲ್ಲಿ ಅದನ್ನು ಗೊತ್ತಿದ್ದೇ ಮಾಡಿದರು! ಅಲ್ಲಿನ ಎಲ್‌ಒ ಯೂನಿಯನ್ ಒಕ್ಕೂಟದ ಇಬ್ಬರು ಅರ್ಥಶಾಸ್ತ್ರಜ್ಞರು, ಯೋಸ್ಟಾ ರೆನ್ ಮತ್ತು ರುಡಾಲ್ಫ್ ಮೈಡ್ನರ್, 1951ರಲ್ಲಿ ಒಂದು ಯೋಜನೆ ಮುಂದಿಟ್ಟರು. ಒಂದೇ ಕೆಲಸಕ್ಕೆ ಎಲ್ಲ ಕಡೆ ಒಂದೇ ಸಂಬಳ, ಕಂಪನಿಗೆ ಲಾಭ ಇರಲಿ ಬಿಡಲಿ. ಕೊಡಲಾಗದ ಕಂಪನಿ ಮುಚ್ಚಲಿ. ಅಲ್ಲಿನ ಕೆಲಸಗಾರರಿಗೆ ಸರ್ಕಾರ ತರಬೇತಿ ಕೊಟ್ಟು ಚೆನ್ನಾಗಿ ನಡೆಯುವ ಕಂಪನಿಗೆ ಕಳಿಸಲಿ. 1956ರಿಂದ ದೇಶಕ್ಕೆಲ್ಲ ಒಂದೇ ಮಾತುಕತೆ. ಸಂಬಳದ ಅಂತರ ನಿಜಕ್ಕೂ ಕಡಿಮೆ ಆಯಿತು. ಕೆಳಗಿನವರಿಗೆ ಇಷ್ಟು ಅನುಕೂಲ ಮಾಡಿದ ಯೂನಿಯನ್ ಒಪ್ಪಂದಗಳು ಬೇರೆ ಕಡೆ ಅಪರೂಪ.

ಲೆಕ್ಕದ ಮೇಷ್ಟ್ರು:
ಅದನ್ನು ಮುರಿದವರು ಯಾರು ಅಂತಲೂ ಹೇಳಿ.

ಬಿಡುವಿನ ವೇಳೆ:
ಲೋಹ ಕಾರ್ಮಿಕರ ಯೂನಿಯನ್ನೇ. ನುರಿತವರಿಗೆ ಅಸಮಾಧಾನ ಇತ್ತು. 1983ರಲ್ಲಿ ಅವರೂ ಎಂಜಿನಿಯರಿಂಗ್ ಉದ್ಯಮದ ಮಾಲೀಕರೂ ಸೇರಿ ಕೇಂದ್ರ ಮಾತುಕತೆಯಿಂದ ಹೊರಗೆ ಹೋಗಿ ತಮ್ಮದೇ ಒಪ್ಪಂದ ಮಾಡಿಕೊಂಡರು.

ಹಳೇ ಕಾರ್ಯದರ್ಶಿ:
ನಾನು ಮೊದಲೇ ಹೇಳಲಿಲ್ಲವಾ? ಆಪರೇಟರ್‌ಗಳು ಬಿಟ್ಟು ಹೋಗುತ್ತಾರೆ ಅಂತ.

ಅಕ್ಕ ಹೇಳಿದ್ದು:
ಮೂರು ದಶಕ ತಡೆದುಕೊಂಡಿದ್ದರಲ್ಲ ಸರ್, ಅದನ್ನೂ ನೋಡಿ. ನಿಮ್ಮವರು ಒಂದು ಒಪ್ಪಂದವಾದರೂ ತಡೆದುಕೊಳ್ಳಲಿ.

ಸುಮ್ನೆ ಓದುಗ:
ಅಕ್ಕ 🔥

ಹೊಸ ಸೇರ್ಪಡೆ:
ಒಂದು ಡೌಟು. ಯೂನಿಯನ್ ಬದಲು ಸರ್ಕಾರವೇ ಕನಿಷ್ಠ ವೇತನ ಗಟ್ಟಿಯಾಗಿ ಇಟ್ಟರೆ ಕಡಿಮೆ ಸಂಬಳದವರಿಗೆ ಸಾಕಲ್ವಾ?

ಕಾನೂನು ಕಟ್ಟೆ:
ಇದರ ಬಗ್ಗೆ ಯೂನಿಯನ್‌ಗಳೇ ಒಂದೇ ಮಾತು ಆಡುವುದಿಲ್ಲ. ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಕಾನೂನಿನ ಕನಿಷ್ಠ ವೇತನವೇ ಇಲ್ಲ. ಯೂನಿಯನ್‌ಗಳೇ ಬೇಡ ಅನ್ನುತ್ತವೆ, ಒಪ್ಪಂದದಲ್ಲೇ ಒಳ್ಳೆಯ ದರ ಇದೆ ಅನ್ನುವುದು ಅವರ ವಾದ. ಜರ್ಮನಿಯಲ್ಲೂ ಮೊದಲು ಹೀಗೇ ಇತ್ತು. ಆದರೆ ಒಪ್ಪಂದದ ವ್ಯಾಪ್ತಿ ಕುಗ್ಗುತ್ತಾ ಬಂತು. ಹೋಟೆಲ್, ಸೇವಾ ವಲಯದ ಯೂನಿಯನ್‌ಗಳು ಕಾನೂನೇ ಬೇಕು ಅಂದವು. ಜಾಸ್ತಿ ಸಂಬಳದ ಉದ್ಯಮಗಳ ಕೆಲವು ಯೂನಿಯನ್‌ಗಳು ಹಿಂದೇಟು ಹಾಕಿದವು. ಕೊನೆಗೆ 2015ರ ಜನವರಿಯಿಂದ ಗಂಟೆಗೆ 8.50 ಯೂರೋ ಕನಿಷ್ಠ ವೇತನ ಬಂತು.

ಕಾನೂನು ತಳ ಕೊಡುತ್ತದೆ. ಅದಕ್ಕಿಂತ ಮೇಲೆ ಏರಲು, ಕೊಡದಿದ್ದವನನ್ನು ಹಿಡಿಯಲು, ಪಾಳಿ, ರಜೆ, ಸುರಕ್ಷತೆ ಇವನ್ನೆಲ್ಲ ಕೇಳಲು ಒಳಗೆ ಯಾರಾದರೂ ಇರಬೇಕು. ಇನ್‌ಸ್ಪೆಕ್ಟರ್ ದಿನಾ ಬರುವುದಿಲ್ಲ.

ಇತಿಹಾಸದ ಹುಚ್ಚು:
ಮಾಲೀಕನೇ ಇಲ್ಲದ ಕೆಲಸಗಾರರ ಕಥೆಯೂ ಇದೆ. ಅಹಮದಾಬಾದಿನ ಜವಳಿ ಕಾರ್ಮಿಕರ ಸಂಘ, ಮಜೂರ್ ಮಹಾಜನ್, 1920ರಲ್ಲಿ ಹುಟ್ಟಿದ್ದು. ಅನಸೂಯಾ ಸಾರಾಭಾಯ್, ಗಾಂಧೀಜಿ ಅದರ ಹಿಂದೆ ಇದ್ದರು. ಮಿಲ್ಲಿನವರಿಗೆ ಅದು ಗಟ್ಟಿ ಸಂಘ. ಆದರೆ ತಲೆಹೊರೆ ಹೊರುವವರು, ಬಟ್ಟೆಯ ಚಿಂದಿ ಮಾರುವವರು, ಮನೆಯಲ್ಲೇ ಹೊಲಿಯುವವರು ಅದರ ಲೆಕ್ಕಕ್ಕೆ ಸರಿಯಾಗಿ ಬರುತ್ತಿರಲಿಲ್ಲ. ಅದೇ ಸಂಘದ ಮಹಿಳಾ ವಿಭಾಗದಲ್ಲಿದ್ದ ಇಳಾ ಭಟ್ 1972ರಲ್ಲಿ ಇಂಥ ಹೆಂಗಸರಿಗಾಗಿ ಸೇವಾ ಅನ್ನುವ ಸಂಘ ಕಟ್ಟಿದರು. ನೋಂದಣಿಗೆ ಹೋದಾಗ, ನಿಮಗೆ ಮಾಲೀಕನೇ ಇಲ್ಲ, ಯಾರ ವಿರುದ್ಧ ಯೂನಿಯನ್ ಅಂತ ಕೇಳಿದರಂತೆ. ಯೂನಿಯನ್ ಇರುವುದು ಕೆಲಸಗಾರರ ಒಗ್ಗಟ್ಟಿಗೆ ಅಂತ ವಾದಿಸಿ ಗೆದ್ದರು. 1981ರಲ್ಲಿ ಮಾತೃ ಸಂಘ ಸೇವಾವನ್ನು ಹೊರಹಾಕಿತು.

ಚಂದಾ ಕಳ್ಳ:
ಒಂದು ಯೂನಿಯನ್ ಇನ್ನೊಂದನ್ನು ಹೊರಹಾಕೋದು, ಮನೇಲಿ ಅಣ್ಣತಮ್ಮಂದಿರ ಥರ.

ಐಟಿ ಕೂಲಿ:
ನಮ್ಮ ಆ್ಯಪ್ ಡೆಲಿವರಿ ಹುಡುಗರಿಗೂ ಇದೇ ಸಮಸ್ಯೆ ಅಲ್ವಾ? ನೀವು ಪಾರ್ಟ್‌ನರ್, ನೌಕರ ಅಲ್ಲ ಅನ್ನುತ್ತಾರೆ. 2021ರಲ್ಲಿ ಬ್ರಿಟನ್ ಸುಪ್ರೀಂ ಕೋರ್ಟು ಊಬರ್ ಚಾಲಕರಿಗೆ ಕೆಲಸಗಾರರ ಹಕ್ಕು ಇದೆ ಅಂತ ಹೇಳಿತ್ತು. ಅಲ್ಗಾರಿದಂ ಜೊತೆ ಮಾತುಕತೆ ಮಾಡುವುದು ಹೇಗೆ ಅಂತ ನನಗೆ...

ನಿರ್ವಾಹಕರು:
ಆ್ಯಪ್ ಕೆಲಸಕ್ಕೆ ಬೇರೆ ಎಳೆ ಶುರು ಮಾಡಿ ದಯವಿಟ್ಟು. ಇಲ್ಲಿ ಒಪ್ಪಂದದ ವಿಷಯ ಮಾತ್ರ.

ಪ್ಯಾಕಿಂಗ್ ಸೆಕ್ಷನ್:
ಎಲ್ಲರಿಗೂ ಥ್ಯಾಂಕ್ಸ್. ಕರಡಿನ ಪೂರ್ತಿ ಪ್ರತಿ ಕೇಳಿ ತೆಗೆದುಕೊಂಡೆ. ಕೊಡಲು ಹಿಂದೆ ಮುಂದೆ ನೋಡಿದರು. ಒಳಗೆ ಇನ್ನೊಂದು ಷರತ್ತು ಇದೆ. ಒಪ್ಪಂದ ಜಾರಿಯಾದ ಮೇಲೆ ಸೇರುವವರಿಗೆ ಬೇರೆ ಸ್ಕೇಲ್, ಈಗಿರುವುದಕ್ಕಿಂತ ಕಡಿಮೆ. ನೋಟಿಸ್ ಬೋರ್ಡಿನಲ್ಲಿ ಇದರ ಸುಳಿವಿಲ್ಲ.

ಲೆಕ್ಕದ ಮೇಷ್ಟ್ರು:
ಆಹಾ. ನಿಮ್ಮ ಶೇ. 10ರ ದುಡ್ಡು ಎಲ್ಲಿಂದ ಬರುತ್ತಿದೆ ಅಂತ ಈಗ ಗೊತ್ತಾಯಿತು. ಮುಂದೆ ಬರುವವರ ಜೇಬಿನಿಂದ.

ಇತಿಹಾಸದ ಹುಚ್ಚು:
ಇದನ್ನು ಅಮೆರಿಕದ ಕಾರು ಕಾರ್ಮಿಕರ ಯೂನಿಯನ್ ಯುಎಡಬ್ಲ್ಯು 2007ರಲ್ಲಿ ಒಪ್ಪಿಕೊಂಡಿತ್ತು. ಕಂಪನಿಗಳು ಮುಳುಗುವ ಸ್ಥಿತಿ ಇತ್ತು, ಕೆಲಸ ಉಳಿಸಲು ಒಪ್ಪಿದೆವು ಅಂದರು. ಹಲವು ಕೆಲಸಗಳಿಗೆ ಹೊಸಬರ ಸಂಬಳ ಹಳಬರ ಅರ್ಧದಷ್ಟು. ಒಂದೇ ಲೈನಿನಲ್ಲಿ ಅಕ್ಕಪಕ್ಕ ನಿಂತು ಒಂದೇ ಬೋಲ್ಟ್ ಬಿಗಿಯುವವರಿಗೆ ಎರಡು ಸಂಬಳ. ಹೊಸಬರ ಸಂಖ್ಯೆ ವರ್ಷ ವರ್ಷ ಬೆಳೆಯಿತು. ಅವರಿಗೆ ಯೂನಿಯನ್ ಮೇಲೆ ಯಾಕೆ ನಂಬಿಕೆ ಇರುತ್ತದೆ?

2023ರ ಸೆಪ್ಟೆಂಬರಿನಲ್ಲಿ ಮೂರೂ ದೊಡ್ಡ ಕಂಪನಿಗಳ ಮೇಲೆ ಒಟ್ಟಿಗೆ ಮುಷ್ಕರ ಹೂಡಿ ಇದನ್ನು ಬಹುಮಟ್ಟಿಗೆ ಹಿಂದೆಗೆಸಿದರು. ಸಾಮಾನ್ಯ ಏರಿಕೆ ಶೇ. 25, ನಾಲ್ಕೂವರೆ ವರ್ಷದಲ್ಲಿ. ಮೇಲಿನ ದರಕ್ಕೆ ಏರಲು ಎಂಟು ವರ್ಷ ಬೇಕಿದ್ದದ್ದು ಮೂರಕ್ಕೆ ಇಳಿಯಿತು. ಜಾಸ್ತಿ ಲಾಭ ಆದದ್ದು ಕೆಳಗಿದ್ದ ತಾತ್ಕಾಲಿಕ ನೌಕರರಿಗೆ.

ಹಳೇ ಕಾರ್ಯದರ್ಶಿ:
ಹೊಸಬರ ಸ್ಕೇಲ್ ಕಡಿಮೆ ಮಾಡುವ ಷರತ್ತನ್ನು ನಾನೂ ಒಪ್ಪುವುದಿಲ್ಲ. ಅದು ಟೇಬಲ್ಲಿನಲ್ಲಿ ತುಂಬಾ ಸುಲಭದ ರಾಜಿ. ಇನ್ನೂ ಸೇರದವರಿಗೆ ಮತ ಇರುವುದಿಲ್ಲ, ಬೈಯಲು ಯಾರೂ ಬರುವುದಿಲ್ಲ. ಕಂಪನಿಯವರು ಅದನ್ನು ಕೊನೆಯ ರಾತ್ರಿ, ಎಲ್ಲರೂ ಸುಸ್ತಾದ ಮೇಲೆ ತೆಗೆಯುತ್ತಾರೆ.

ಪ್ಯಾಕಿಂಗ್‌ನವರೇ, ಕೇವಲ ವಿರುದ್ಧ ಕೈ ಎತ್ತಬೇಡಿ. ಅದರಿಂದ ಒಡಕು ಅಂತ ಹೆಸರು ಬರುತ್ತದೆ, ಕೆಲಸ ಆಗುವುದಿಲ್ಲ. ಲಿಖಿತ ತಿದ್ದುಪಡಿ ತನ್ನಿ.

ಲೆಕ್ಕದ ಮೇಷ್ಟ್ರು:
ತಿದ್ದುಪಡಿಗೆ ಲೆಕ್ಕ ನಾನು ಕೊಡುತ್ತೇನೆ. ನನ್ನ ಮೊದಲಿನ ಉದಾಹರಣೆಯಲ್ಲೇ, ಎಲ್ಲರಿಗೂ ತಲಾ 10 ನಿಗದಿ ಮೊತ್ತ, ಅದರ ಮೇಲೆ ಶೇ. 5. ಕೆಳಗಿನವರಿಗೆ 15, ಮೇಲಿನವರಿಗೆ 25. ಒಟ್ಟು ಅದೇ 200. ಮೇಲಿನವರಿಗೂ ಶೇ. 8ಕ್ಕಿಂತ ಜಾಸ್ತಿ ಸಿಕ್ಕಿತು, ಬೆಲೆ ಏರಿಕೆ ಶೇ. 7 ಇದ್ದರೂ ನಷ್ಟ ಇಲ್ಲ. ಕಾರ್ಯದರ್ಶಿಗಳು ಒಪ್ಪಬಹುದು.

ಹಳೇ ಕಾರ್ಯದರ್ಶಿ:
ಇದನ್ನು ಸಭೆಯಲ್ಲಿ ಸಮರ್ಥಿಸಬಹುದು. ಆದರೆ ಹೊಸಬರ ಸ್ಕೇಲ್ ತೆಗೆದರೆ ಕಂಪನಿ ಆ 200 ಅನ್ನೇ 180 ಮಾಡುತ್ತೇನೆ ಅನ್ನುತ್ತದೆ. ಆಗ ಏನು ಮಾಡುತ್ತೀರಿ ಅಂತ ಮೊದಲೇ ಯೋಚಿಸಿ.

ಅಕ್ಕ ಹೇಳಿದ್ದು:
180ನ್ನೇ ಹೀಗೆ ಹಂಚಿದರೂ ಕೆಳಗಿನವರಿಗೆ ಈಗಿನ ಕರಡಿಗಿಂತ ಜಾಸ್ತಿಯೇ ಬರುತ್ತದೆ. ಆಪರೇಟರ್‌ಗಳ ಹತ್ತಿರವೂ ಮೊದಲೇ ಮಾತಾಡಿ. ಅವರ ಮಕ್ಕಳೂ ನಾಳೆ ಅದೇ ಹೊಸ ಸ್ಕೇಲಿನಲ್ಲಿ ಸೇರುವವರು. ಮತ್ತೆ ಕೈ ಎತ್ತುವ ಮತ ಬೇಡ, ಗುಪ್ತ ಮತ ಕೇಳಿ. ಮೇಲ್ವಿಚಾರಕರ ಎದುರು ಕೆಳಗಿನ ಗ್ರೇಡಿನವರು ಕೈ ಎತ್ತುವುದಿಲ್ಲ.

ಮಾರುಕಟ್ಟೆ ಮಾತು:
ಇಷ್ಟೆಲ್ಲ ಮಾಡುವ ಬದಲು ಬೇರೆ ಕಡೆ ಕೆಲಸ ಹುಡುಕಿದ್ದರೆ ಇಷ್ಟು ಹೊತ್ತಿಗೆ ಸಿಗುತ್ತಿತ್ತು.

ಸುಮ್ನೆ ಓದುಗ:
ನೀವೇ ಕೊಡಿ ಸ್ವಾಮಿ, ಫೋರ್ಡ್ ಥರ ಡಬಲ್ ಸಂಬಳಕ್ಕೆ.

ರಾತ್ರಿ ಪಾಳಿ:
ತಿದ್ದುಪಡಿಯಲ್ಲಿ ಗುತ್ತಿಗೆಯವರ ಬಗ್ಗೆ ಒಂದು ಸಾಲಾದರೂ ಇರುತ್ತದಾ? ನಾವು ಆ ಸಭೆಗೆ ಬರಬಹುದಾ?

ಪ್ಯಾಕಿಂಗ್ ಸೆಕ್ಷನ್:
ನೀವು ನಮ್ಮಲ್ಲಿ ಇಲ್ಲದಿದ್ದರೂ ನಮ್ಮಲ್ಲಿನ ಗುತ್ತಿಗೆಯವರು ಇದನ್ನೇ ಕೇಳಿದರು. ಗುತ್ತಿಗೆಯವರಿಗೂ ಸದಸ್ಯತ್ವ ಅನ್ನುವುದನ್ನು ಬೇರೆ ನಿರ್ಣಯವಾಗಿ ಇಡೋಣ ಅಂತಿದ್ದೇನೆ. ತಿದ್ದುಪಡಿಗೆ ಸೇರಿಸಿದರೆ ಎರಡೂ ಬಿದ್ದುಹೋಗುವ ಭಯ.

ರಾತ್ರಿ ಪಾಳಿ:
ಬೇರೆ ಇಟ್ಟರೆ ಯಾವಾಗಲೂ ನಮ್ಮದೇ ಬೀಳುವುದು. ಒಟ್ಟಿಗೇ ಇಡಿ.

ಕಾನೂನು ಕಟ್ಟೆ:
ಇದರಲ್ಲಿ ರಾತ್ರಿ ಪಾಳಿಯವರ ಮಾತು ಸರಿ ಅನ್ನಿಸುತ್ತದೆ. ಮೊದಲು ನಿಮ್ಮ ಯೂನಿಯನ್ ಬೈಲಾ ತೆಗೆದು ಸದಸ್ಯ ಯಾರಾಗಬಹುದು ಅನ್ನುವ ಕಲಂ ಓದಿ. ಕಾಯಂ ನೌಕರರು ಮಾತ್ರ ಅಂತ ಇದ್ದರೆ ಬೈಲಾ ತಿದ್ದಲು ಬೇರೆ ನಿಯಮ ಇರುತ್ತದೆ, ಸಭೆಗೆ ಮೊದಲು ಇಷ್ಟು ದಿನದ ನೋಟಿಸ್ ಅಂತ. ಹಾಗೇನೂ ಇಲ್ಲದಿದ್ದರೆ ಗುತ್ತಿಗೆಯವರು ನಾಳೆಯೇ ಸದಸ್ಯತ್ವದ ಅರ್ಜಿ ಕೊಡಬಹುದು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಸಹಿ ಮತ್ತು ತಾರೀಖು ಹಾಕಿಸಿಕೊಳ್ಳಲಿ.